ತೊಟ್ಟಿಲ ಉಡುಗೊರೆಗೆ ಸ್ಟೆನ್ಸಿಲ್ ಅಚ್ಚಿನ ಕೂಸಿನ ಉಡುಪು

ಸ್ಟೆನ್ಸಿಲ್ ಎಂಬುದು ನಮ್ಮ ಮಂಡಿ ವರ್ತಕರಿಗೆ ಹೊಸ ವಸ್ತುವಲ್ಲ. ತಗಡಿನಲ್ಲಿ ಅಕ್ಷರ ಕೊರೆದು, ಚೀಲದ ಮೇಲಿಟ್ಟು, ಕುಂಚದಿಂದ ಮಸಿ ಬಳಿದು ಅಂಗಡಿಯ ಗುರುತು ಮೂಡಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ವಿಧಾನದಿಂದ ಹಸುಗೂಸಿನ ಅಂಗಿಯ ಮೇಲೆ ಗಿಳಿಯನ್ನೋ ಆನೆಯನ್ನೋ ಮೂಡಿಸಿ ಉಡುಗೊರೆಯಾಗಿ ಮಾರುವುದು ದಾವಣಗೆರೆ ಹಾಗೂ ಹರಿಹರದ ಸಣ್ಣ ಉಡುಪು ತಯಾರಕರಿಗೆ ಕಡಿಮೆ ಬಂಡವಾಳದ ಉದ್ಯೋಗವಾಗಬಲ್ಲದು. ಆದರೆ ಚೀಲಕ್ಕೆ ಸಲ್ಲುವ ಬಣ್ಣ ಕೂಸಿನ ಮೈಗೆ ಸಲ್ಲದು. ಈ ವ್ಯಾಪಾರದ ಲಾಭನಷ್ಟಗಳೆಲ್ಲವೂ ಈ ಒಂದು ಭೇದದಲ್ಲಿಯೇ ಅಡಗಿವೆ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಮ್ಮ ನಗರದಲ್ಲಿ ಹತ್ತಿ ಗಿರಣಿಗಳ ಕಾಲ ಮುಗಿದಿದೆ. ಹೊಲಿಗೆ ಬಲ್ಲ ಕೈಗಳು ಮಾತ್ರ ಮನೆಮನೆಗಳಲ್ಲಿ ಉಳಿದಿವೆ. ತಿರುಪ್ಪೂರಿನಿಂದ ಬರುವ ಸಿದ್ಧ ಉಡುಪಿನೊಡನೆ ಬೆಲೆಯಲ್ಲಿ ಸ್ಪರ್ಧಿಸಲು ಈ ಕೈಗಳಿಂದ ಸಾಧ್ಯವಿಲ್ಲ, ಪ್ರಯತ್ನಿಸುವುದೂ ವಿವೇಕವಲ್ಲ. ತಿರುಪ್ಪೂರಿನ ಕಾರ್ಖಾನೆ ಕೊಡಲಾರದ ಸಂಗತಿ ಒಂದುಂಟು: ಮಗುವಿನ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಹೊತ್ತ ಒಂದೇ ಒಂದು ಅಂಗಿ.

ಇಲ್ಲಿ ನಮ್ಮ ಸಂಪ್ರದಾಯವನ್ನು ಗಮನಿಸತಕ್ಕದ್ದು. ಹೆಸರು ಹೊರಬೀಳುವುದೇ ತೊಟ್ಟಿಲು ಕಾರ್ಯದ ದಿನ. ಅಂಗಿ, ಕುಲಾವಿ ತರುವ ನೆಂಟರಿಗೆ ಅದು ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ತೊಟ್ಟಿಲ ದಿನಕ್ಕೆ ಚಿತ್ರದ ಅಂಗಿಯನ್ನೂ, ಮೊದಲ ಹುಟ್ಟುಹಬ್ಬಕ್ಕೆ ಹೆಸರಿನ ಅಂಗಿಯನ್ನೂ ಮಾರುವುದು ಜಾಣತನ.

ಬಟ್ಟೆಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ತಿಳಿಬಣ್ಣದ, ಮೃದುವಾದ ಶುದ್ಧ ಹತ್ತಿಯ ಬಟ್ಟೆಯೇ ಆಗಬೇಕು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ತಯಾರಾಗುವ ವಿಸ್ಕೋಸ್ ನೂಲೆಳೆ ಉತ್ತಮವಾದುದೇ. ಆದರೆ ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುವ ಗುಣದ್ದು, ದಿನಕ್ಕೆರಡು ಬಾರಿ ಒಗೆಯುವ ಕೂಸಿನ ಬಟ್ಟೆಗೆ ಅಷ್ಟು ಒಪ್ಪದು. ಕೂಸಿಗೆ ಹೊಸ ಬಟ್ಟೆ ತೊಡಿಸದೆ ಹಳೆಯ ಸೀರೆಯ ತುಂಡು ಸುತ್ತುತ್ತಿದ್ದ ಹಿರಿಯರ ರೂಢಿಯಲ್ಲಿ ಅರ್ಥವಿತ್ತು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ; ಅದು ಕೂಸಿನ ಚರ್ಮಕ್ಕೂ ಹಿತವಲ್ಲ, ಬಣ್ಣ ಹಿಡಿಯುವುದಕ್ಕೂ ಅಡ್ಡಿ. ಕತ್ತರಿಸುವ ಮುನ್ನವೇ ಬಿಸಿನೀರಿನಲ್ಲಿ ಒಗೆದು ಒಣಗಿಸಿದರೆ ಗಂಜಿಯೂ ಹೋಗುವುದು, ಬಟ್ಟೆ ಕುಗ್ಗುವಷ್ಟೂ ಮೊದಲೇ ಕುಗ್ಗುವುದು.

ಬಣ್ಣವೇ ಮುಖ್ಯ ವಿಷಯ. ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಅಂಗಿಯ ತುದಿಯನ್ನೂ ಬಿಡುವುದಿಲ್ಲ. ಎನಾಮೆಲ್, ಚೀಲದ ಮಸಿ, ಸೀಮೆಎಣ್ಣೆ ಬೆರೆಸಿದ ಯಾವುದೂ ಹತ್ತಿರ ಸುಳಿಯಕೂಡದು. ಅಗ್ಗವೆಂದು ಬಿಡಿಯಾಗಿ ಮಾರುವ, ಹೆಸರು ವಿಳಾಸವಿಲ್ಲದ ಪುಡಿಬಣ್ಣವೂ ಬೇಡ. ಕ್ಯಾನ್ಸರ್‌ಕಾರಕ ಅಂಶ ಬಿಡುಗಡೆ ಮಾಡುವ ಕೆಲವು ಅಜೋ ವರ್ಣದ್ರವ್ಯಗಳನ್ನು ಕೇಂದ್ರ ಸರ್ಕಾರವು 1990ರ ದಶಕದಲ್ಲಿಯೇ ನಿಷೇಧಿಸಿದೆ. ಚೀಟಿಯಿಲ್ಲದ ಪುಡಿಯಲ್ಲಿ ಏನಿದೆಯೆಂದು ಹೇಳಬಲ್ಲವರಾರು? ನೀರು ಆಧಾರಿತ, ವಿಷರಹಿತವೆಂದು ತಯಾರಕರು ನಮೂದಿಸಿದ ಬಟ್ಟೆಬಣ್ಣವನ್ನೇ ಕೊಳ್ಳಬೇಕು. ಇಂತಹ ಬಣ್ಣವನ್ನು ಎಳೆಗೆ ಅಂಟಿಸುವುದು ಅದರಲ್ಲಿನ ಅಂಟು. ಆ ಅಂಟು ಗಟ್ಟಿಯಾಗಲು ಶಾಖ ಬೇಕು. ಅಚ್ಚು ಹಾಕಿ ಒಂದು ದಿನ ಪೂರ್ತಿ ಒಣಗಿಸಿ, ಬಟ್ಟೆಯ ಹಿಮ್ಮುಖದಿಂದ ಹತ್ತಿಯ ಶಾಖದಲ್ಲಿ ಮೂರರಿಂದ ಐದು ನಿಮಿಷ ಇಸ್ತ್ರಿ ಮಾಡಬೇಕು. ಮೂರು ದಿನ ಕಳೆದ ಬಳಿಕವೇ ಮೊದಲ ಒಗೆತ. ನಮ್ಮ ಮನೆಯ ಒಂದು ತೊಟ್ಟಿಲು ಕಾರ್ಯಕ್ಕೆ ಬಂದ ಅಂಗಿಯ ಮೇಲೆ ಬಹು ಚೆಂದದ ಆನೆಯಿತ್ತು. ಮೊದಲ ಒಗೆತಕ್ಕೇ ಬಕೆಟ್ಟಿನ ನೀರು ನೀಲಿಯಾಯಿತು. ಆ ಅಂಗಿ ಮತ್ತೆ ಕೂಸಿನ ಮೈಯೇರಲಿಲ್ಲ.

ಇನ್ನು ಕೊರೆಯುವ ಕೆಲಸ. ಚಿತ್ರಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸಾಕು. ಒಮ್ಮೆ ಕೊರೆದದ್ದು ನೂರಾರು ಅಂಗಿಗಳಿಗೆ ಒದಗುತ್ತದೆ. ಹೆಸರಿನದೇ ತೊಡಕು. ಇಂಗ್ಲಿಷಿಗೆ 26 ಅಚ್ಚುಗಳಿದ್ದರೆ ಯಾವ ಹೆಸರನ್ನಾದರೂ ಜೋಡಿಸಬಹುದು. ನಮ್ಮ ಕಾಗುಣಿತ, ಒತ್ತಕ್ಷರಗಳು ಹಾಗೆ ಜೋಡಿಸಿದರೆ ಕೂಡುವಂಥವಲ್ಲ. ಪ್ರತಿ ಹೆಸರನ್ನೂ ಹೊಸದಾಗಿ ಕೊರೆಯಬೇಕು. ಮೇಲಾಗಿ ದುಂಡಕ್ಷರಗಳ ಒಳಗಿನ ತುಂಡು, ಉದಾಹರಣೆಗೆ ಸೊನ್ನೆಯ ನಡುವಿನ ಬಿಲ್ಲೆ, ಕೊರೆದೊಡನೆ ಉದುರಿಬೀಳುತ್ತದೆ. ಅದನ್ನು ಹಿಡಿದಿಡಲು ಸಣ್ಣ ಸೇತುವೆಗಳನ್ನು ಬಿಡಬೇಕು. ಜಪಾನಿನ ಕಟಗಾಮಿ ಕುಶಲಕರ್ಮಿಗಳು ಹಿಪ್ಪುನೇರಳೆ ಜಾತಿಯ ಮರದ ಕಾಗದದಲ್ಲಿ ಶತಮಾನಗಳಿಂದ ಇದನ್ನೇ ಮಾಡುತ್ತ ಬಂದಿದ್ದಾರೆ. ನಮಗೆ ಇನ್ನೂ ಸುಲಭವಾದ ಉಪಾಯವಿದೆ. ವಾಹನಗಳಿಗೆ ರೇಡಿಯಂ ಸ್ಟಿಕ್ಕರ್ ಕತ್ತರಿಸಿಕೊಡುವ ಅಂಗಡಿಯಲ್ಲಿ, ನುಡಿ ಅಥವಾ ಬರಹ ತಂತ್ರಾಂಶದ ದಪ್ಪ ಅಕ್ಷರಗಳನ್ನು ಕೊಟ್ಟು ಅಂಟುಹಾಳೆಯಲ್ಲಿ ಹೆಸರನ್ನು ಕತ್ತರಿಸಿಕೊಳ್ಳಬಹುದು. ಒಳತುಂಡುಗಳು ತಮ್ಮ ಸ್ಥಾನದಲ್ಲಿಯೇ ಬಟ್ಟೆಗೆ ಅಂಟಿಕೊಳ್ಳುವುದರಿಂದ ಸೇತುವೆಯ ಗೊಡವೆಯಿಲ್ಲ. ಹಾಳೆ ಒಂದೇ ಬಾರಿಗೆ ಸಲ್ಲುತ್ತದೆ. ಹೆಸರಿನ ಅಂಗಿಗೆ ಹೆಚ್ಚಿನ ಬೆಲೆ ಇಡಲು ಇದೇ ನ್ಯಾಯವಾದ ಕಾರಣ.

ಸ್ಪಂಜಿನಲ್ಲಿ ಬಣ್ಣ ಅತ್ಯಲ್ಪವಿರಲಿ, ಬಳಿಯದೆ ಮೆಲ್ಲನೆ ಒತ್ತಬೇಕು. ದಪ್ಪ ಪದರ ಬಿರಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಬೆವರಿಗೂ ಅಡ್ಡವಾಗುತ್ತದೆ. ಕೊರಳಪಟ್ಟಿ, ತೋಳಿನ ಅಂಚುಗಳು ಬಾಯಿಗೆ ಸಿಗುವ ಸ್ಥಳಗಳಾದ್ದರಿಂದ ಅಲ್ಲಿ ಅಚ್ಚು ಬೇಡ. ಕೂಸು ಅಂಗಾತ ಮಲಗುವುದರಿಂದ ಬೆನ್ನಿನ ಮೇಲೂ ಬೇಡ. ಮಣಿ, ಮಿಂಚುಪುಡಿ, ಕಿತ್ತುಬರುವ ಗುಂಡಿಗಳು ಅಪಾಯಕಾರಿ. ಪ್ರಸಿದ್ಧ ಕಾರ್ಟೂನ್ ಪಾತ್ರಗಳನ್ನು ಅಚ್ಚುಹಾಕಿ ಮಾರುವುದು ಒಡೆತನದ ಕಾನೂನಿಗೆ ವಿರುದ್ಧ. ಬಿರಿದ ಹತ್ತಿಕಾಯಿ, ಮಾವು, ಗಿಳಿಗಳಿಗೆ ಯಾರ ಅನುಮತಿಯೂ ಬೇಡ!

ತೆರಿಗೆಯ ಚಿಂತೆ ಆರಂಭದಲ್ಲಿ ಅಷ್ಟಾಗಿ ಇಲ್ಲ. ರಾಜ್ಯದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಾಯಿತ ವರ್ತಕರಿಗೆ, 2025ರ ಸೆಪ್ಟೆಂಬರ್ 22ರಿಂದ, 2,500 ರೂಪಾಯಿವರೆಗಿನ ಉಡುಪಿಗೆ ಶೇ. 5ರ ದರ ಅನ್ವಯಿಸುತ್ತದೆ.

ಮನೆಗಳಿಂದ ಮಾಲು ಪಡೆದು ಮಾರುವ ಅಂಗಡಿಯವರು ಒಂದು ಪದ್ಧತಿಯನ್ನು ಇಟ್ಟುಕೊಳ್ಳುವುದು ಲೇಸು. ಪ್ರತಿ ಸರದಿಯಿಂದ ಒಂದು ಅಚ್ಚಿನ ತುಂಡನ್ನು ಸಾಬೂನು ನೀರಿನಲ್ಲಿ ಒಗೆದು, ಒದ್ದೆ ಬಿಳಿಬಟ್ಟೆಯಿಂದ ಉಜ್ಜಿ ನೋಡಬೇಕು. ಬಿಳಿಬಟ್ಟೆಗೆ ಬಣ್ಣ ಹತ್ತಿದರೆ ಇಡೀ ಸರದಿಯನ್ನು ಹಿಂತಿರುಗಿಸಬೇಕು. ಹತ್ತದಿದ್ದರೆ ಆ ತುಂಡನ್ನು ದಿನಾಂಕ, ಬಣ್ಣದ ಬಾಟಲಿಯ ಸಂಖ್ಯೆ, ತಯಾರಿಸಿದವರ ಹೆಸರುಗಳೊಡನೆ ಒಂದು ಪುಸ್ತಕದಲ್ಲಿ ಅಂಟಿಸಿಡಬೇಕು.