ಮಾಯದ ವ್ರಣ ಮತ್ತು ಪ್ರಾಣವಾಯು

ಭಾರತೀಯ ನೌಕಾಪಡೆಯು ತನ್ನ ಮುಳುಗುಗಾರರನ್ನು ತರಬೇತುಗೊಳಿಸುವುದು ಕೊಚ್ಚಿಯಲ್ಲಿ. ಕಡಲಾಳದಿಂದ ಅವಸರವಾಗಿ ಮೇಲೆ ಬಂದವನ ರಕ್ತದಲ್ಲಿ, ಸೋಡಾ ಸೀಸೆಯನ್ನು ತೆರೆದಾಗ ಏಳುವಂತೆ, ಸಾರಜನಕದ ಗುಳ್ಳೆಗಳು ಏಳುತ್ತವೆ. ಆಗ ಅವನನ್ನು ಉಕ್ಕಿನ ಕೊಠಡಿಯಲ್ಲಿರಿಸಿ, ಗಾಳಿಯ ಒತ್ತಡವನ್ನು ಮತ್ತೆ ಏರಿಸಿ, ಮೆಲ್ಲಮೆಲ್ಲನೆ ಇಳಿಸುತ್ತಾರೆ. ಮುಳುಗುಗಾರನ ರಕ್ಷಣೆಗೆ ಬೇಕಾದ ಈ ಕೊಠಡಿಯು ಇಂದು ಮಾಯದ ವ್ರಣಗಳ ಚಿಕಿತ್ಸೆಗೂ ಬಳಕೆಯಾಗುತ್ತಿದೆ. ಕರುಳಿನ ಉರಿಯೂತದಿಂದ ನರಳುವವರ ವ್ರಣಗಳಿಗೆ ಇದರಿಂದ ಎಷ್ಟು ಪ್ರಯೋಜನವುಂಟೆಂಬುದು ವಿಚಾರಾರ್ಹವಾದ ವಿಷಯ.

ಇಂತಹ ಉರಿಯೂತಗಳಲ್ಲಿ ಮುಖ್ಯವಾದುವು ಎರಡು. ವ್ರಣಕಾರಿ ಕೊಲೈಟಿಸ್ ದೊಡ್ಡ ಕರುಳಿನ ಒಳಪೊರೆಯನ್ನು ಹುಣ್ಣಾಗಿಸುತ್ತದೆ. ಕ್ರೋನ್ ವ್ಯಾಧಿಯಾದರೋ ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಕಾಣಿಸಿಕೊಂಡು, ಅನ್ನಮಾರ್ಗದ ಗೋಡೆಯನ್ನು ಪೂರ್ಣವಾಗಿ ಕೊರೆಯಬಲ್ಲುದು. ಇದನ್ನು ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್ ಎಂಬ ವೈದ್ಯರು ೧೯೩೨ರಲ್ಲಿ ವಿವರಿಸಿದರು. ಕೆಲವರಲ್ಲಿ ಗುದದ ಸಮೀಪ ಕೀವು ತುಂಬಿ, ಒಳಗಿನಿಂದ ಚರ್ಮದವರೆಗೆ ಸುರಂಗದಂತಹ ದಾರಿಯಾಗುತ್ತದೆ.

ಈ ನಾಳವ್ರಣವನ್ನು ನಮ್ಮ ಪ್ರಾಚೀನರು ಭಗಂದರವೆಂದು ಕರೆದರು. ಸುಶ್ರುತ ಸಂಹಿತೆಯು ಅದರಲ್ಲಿ ಐದು ಬಗೆಗಳನ್ನು ಹೇಳುತ್ತದೆ; ಒಂಟೆಯ ಕೊರಳಿನಂತಿರುವುದು ಉಷ್ಟ್ರಗ್ರೀವ, ಶಂಖದ ಸುರುಳಿಯಂತಿರುವುದು ಶಂಬೂಕಾವರ್ತ. ೧೮೮೯ರಲ್ಲಿ ಆಯುರ್ವೇದ ಪಾಠಶಾಲೆಯನ್ನೂ ೧೯೫೧ರಲ್ಲಿ ವೈದ್ಯಕೀಯ ಕಾಲೇಜನ್ನೂ ಪಡೆದ ತಿರುವನಂತಪುರದಲ್ಲಿ ಎರಡು ವೈದ್ಯಪದ್ಧತಿಗಳಿಗೂ ಈ ರೋಗ ಪರಿಚಿತವೇ. ಆದರೆ ಹೆಸರು ಒಂದಾದರೂ ಕಾರಣ ಒಂದೇ ಅಲ್ಲ. ಸಾಮಾನ್ಯವಾದ ಸರಳ ಭಗಂದರವನ್ನು ಸೀಳಿ ತೆರೆದರೆ ಗಾಯವು ಬಹುಮಟ್ಟಿಗೆ ಮಾಯುತ್ತದೆ. ಕ್ರೋನ್ ವ್ಯಾಧಿಯಲ್ಲಿ ಹಾಗೆ ಸೀಳಿದ ಗಾಯವೇ ಮಾಯದೆ ಉಳಿಯಬಹುದು. ಆದುದರಿಂದ ಮರಳಿ ಮರಳಿ ಬರುವ ಭಗಂದರದಲ್ಲಿ ಮೊದಲು ಕರುಳಿನ ಪರೀಕ್ಷೆಯಾಗಬೇಕು.

ವ್ರಣಕ್ಕೂ ಪ್ರಾಣವಾಯುವಿಗೂ ಇರುವ ಸಂಬಂಧವೇನು? ಗಾಯವನ್ನು ಕೂಡಿಸುವ ಕೊಲಾಜೆನ್ ತಂತುಗಳು ಗಟ್ಟಿಯಾಗಲು ಆಮ್ಲಜನಕ ಬೇಕು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲೂ ಅದು ಬೇಕು. ಊದಿಕೊಂಡ, ರಕ್ತಸಂಚಾರ ಕುಂದಿದ ಅಂಗಾಂಶದಲ್ಲಿ ಅದರ ಅಭಾವವಿರುತ್ತದೆ. ಆರೋಗ್ಯವಂತನ ಹಿಮೋಗ್ಲೋಬಿನ್ ಸಾಧಾರಣ ಗಾಳಿಯಲ್ಲಿಯೇ ಬಹುಪಾಲು ತುಂಬಿರುವುದರಿಂದ ಅದಕ್ಕೆ ಹೆಚ್ಚು ಹೊರಿಸಲಾಗದು. ಆದರೆ ಒತ್ತಡ ಹೆಚ್ಚಿದಂತೆ ದ್ರವದಲ್ಲಿ ಕರಗುವ ಅನಿಲವೂ ಹೆಚ್ಚುತ್ತದೆಂದು ವಿಲಿಯಂ ಹೆನ್ರಿಯು ೧೮೦೩ರಲ್ಲಿ ತೋರಿಸಿದನು. ಸಾಧಾರಣ ಗಾಳಿಯನ್ನು ಉಸಿರಾಡುವಾಗ ೧೦೦ ಮಿಲಿಲೀಟರ್ ರಕ್ತದಲ್ಲಿ ಕರಗಿರುವ ಆಮ್ಲಜನಕ ಸುಮಾರು ೦.೩ ಮಿಲಿಲೀಟರ್, ಮೂರು ವಾಯುಭಾರದ ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿದರೆ ಅದು ಸುಮಾರು ೬ ಮಿಲಿಲೀಟರ್. ವ್ರಣಚಿಕಿತ್ಸೆಗೆ ಸಾಮಾನ್ಯವಾಗಿ ೨ರಿಂದ ೨.೫ ವಾಯುಭಾರದಷ್ಟು ಒತ್ತಡ ಸಾಕು. ಒಂದೊಂದು ಸರದಿಯೂ ಒಂದೂವರೆ ಗಂಟೆಯಷ್ಟು ನಡೆಯುತ್ತದೆ. ಇಂತಹ ಸರದಿಗಳು ಹಲವು ವಾರ ಮುಂದುವರಿಯಬೇಕಾಗುತ್ತದೆ.

ಫಲವೇನು? ಇತರ ಚಿಕಿತ್ಸೆಗಳಿಗೆ ಬಗ್ಗದ ಕ್ರೋನ್ ಭಗಂದರವಿದ್ದ ೨೦ ಮಂದಿಗೆ ಆಮ್‌ಸ್ಟರ್‌ಡಾಮಿನ ವೈದ್ಯರು ೪೦ ಸರದಿಗಳ ಚಿಕಿತ್ಸೆ ಕೊಟ್ಟು, ೨೦೨೦ರ ಸುಮಾರಿಗೆ ಫಲಿತಾಂಶವನ್ನು ಪ್ರಕಟಿಸಿದರು. ೧೨ ಮಂದಿಯಲ್ಲಿ ಸುಧಾರಣೆ ಕಂಡಿತು. ರೋಗಲಕ್ಷಣಗಳು ಶಮನವಾದುದು ೪ ಮಂದಿಯಲ್ಲಿ ಮಾತ್ರ. ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಇನ್ನೊಂದು ಗುಂಪು ಅಲ್ಲಿರಲಿಲ್ಲ. ಇದು ಭರವಸೆಗೆ ಆಧಾರವಾದೀತು, ಸಿದ್ಧಾಂತಕ್ಕೆ ಸಾಲದು. ಮಧುಮೇಹದ ಕೆಲವು ಪಾದವ್ರಣಗಳಿಗೆ ಈ ಚಿಕಿತ್ಸೆಯು ಪಡೆದಿರುವ ಮನ್ನಣೆಯನ್ನು ಕ್ರೋನ್ ವ್ಯಾಧಿಯಲ್ಲಿ ಇನ್ನೂ ಪಡೆದಿಲ್ಲ.

ಅಪಾಯಗಳೂ ಇಲ್ಲದಿಲ್ಲ. ಕಿವಿಯ ತಮಟೆಗೆ ನೋವಾಗಬಹುದು. ಕೆಲವರಿಗೆ ತಾತ್ಕಾಲಿಕವಾಗಿ ದೂರದೃಷ್ಟಿ ಮಂದವಾಗುತ್ತದೆ. ಅಪರೂಪಕ್ಕೆ ಸೆಳವು ಬರಬಹುದು. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡು ಚಿಕಿತ್ಸೆಯಾಗದಿರುವವರು ಕೊಠಡಿಯನ್ನು ಪ್ರವೇಶಿಸಲೇಬಾರದು. ಬೆಂಕಿಯ ಭಯದಿಂದ ಎಣ್ಣೆ, ಮೊಬೈಲು ಮುಂತಾದುವು ಅಲ್ಲಿ ನಿಷಿದ್ಧ.

ಎಲ್ಲಕ್ಕಿಂತ ಮುಖ್ಯವಾದುದು ಚಿಕಿತ್ಸೆಯ ಕ್ರಮ. ಮೊದಲು ಕೀವನ್ನು ಹರಿಸಬೇಕು, ಔಷಧಗಳಿಂದ ಕರುಳಿನ ಉರಿಯನ್ನು ತಣಿಸಬೇಕು, ರಕ್ತಹೀನತೆಯನ್ನೂ ಪೌಷ್ಟಿಕಾಂಶಗಳ ಕೊರತೆಯನ್ನೂ ನೀಗಿಸಬೇಕು, ಧೂಮಪಾನ ನಿಲ್ಲಬೇಕು. ಪ್ರಾಣವಾಯುವಿನ ಸರದಿ ಬರುವುದು ಆಮೇಲೆ, ಅದೂ ಸಹಾಯಕವಾಗಿ. ವ್ರಣವು ಹೇಳಿಕೊಳ್ಳಲು ಸಂಕೋಚವಾಗುವ ಜಾಗದಲ್ಲಿರುವುದರಿಂದ ರೋಗಿಯು ವರ್ಷಗಟ್ಟಲೆ ಮೌನವಾಗಿರುತ್ತಾನೆ. ಕೊನೆಗೆ ಜಾಹೀರಾತನ್ನು ನಂಬಿ ಕೂಡಿಟ್ಟ ಹಣವನ್ನೆಲ್ಲ ಸುರಿಯುತ್ತಾನೆ. ಅಂತಹವನು ಕೊಠಡಿಯ ಬಾಗಿಲಿಗೆ ಹೋಗುವ ಮುನ್ನ ಕರುಳಿನ ತಜ್ಞನನ್ನೂ ಶಸ್ತ್ರವೈದ್ಯನನ್ನೂ ಕಂಡು, ತನ್ನ ವ್ರಣವು ಏಕೆ ಮಾಯುತ್ತಿಲ್ಲವೆಂದು ಕೇಳಿ ತಿಳಿಯುವುದು ಶ್ರೇಯಸ್ಕರ.