ದೀಪ ಆರಿದರೂ ಕರೆಂಟ್ ಇರಬಹುದು!

ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿದೀಪ ಬೆಳಗಿದ ಊರು ಬೆಂಗಳೂರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ದೀಪ ಕೆಟ್ಟಾಗ ಕಂಬ ಹತ್ತುವವರ ಬಗ್ಗೆ ಮಾತಾಡುವುದು ಕಡಿಮೆ. ಬಲ್ಬ್ ಬದಲಿಸುವುದು ಹತ್ತು ನಿಮಿಷದ ಕೆಲಸವಂತೆ ಕಾಣುತ್ತದೆ. ಆ ಹತ್ತು ನಿಮಿಷದಲ್ಲಿ ಎಷ್ಟು ಅಪಾಯಗಳಿವೆ ಗೊತ್ತೇ?

ನಿಮ್ಮ ಬೀದಿಯ ಕಂಬವನ್ನು ಒಮ್ಮೆ ತಲೆಯೆತ್ತಿ ನೋಡಿ. ಬರಿಯ ತಂತಿಯ ಹಳೆಯ ಮಾರ್ಗವಾದರೆ ಸಾಮಾನ್ಯವಾಗಿ ಐದು ತಂತಿಗಳಿರುತ್ತವೆ. ಮನೆಗಳಿಗೆ ಕರೆಂಟ್ ಕೊಡುವ ಮೂರು ಫೇಸ್, ಒಂದು ನ್ಯೂಟ್ರಲ್, ಇನ್ನೊಂದು ಬೀದಿದೀಪದ್ದು. ಹಗಲು ದೀಪ ಆರಿದ್ದಾಗ ಆಫ್ ಆಗಿರುವುದು ಆ ಕೊನೆಯ ತಂತಿ ಮಾತ್ರ. ಕೈಗೆಟುಕುವ ದೂರದಲ್ಲೇ ಉಳಿದ ಮೂರು ಫೇಸ್‌ಗಳಲ್ಲಿ ಕರೆಂಟ್ ಇರುತ್ತದೆ. ಆಫ್ ಆದ ತಂತಿಯನ್ನೂ ನಂಬುವಂತಿಲ್ಲ. ಈಗ ಬಹಳ ಕಡೆ ದೀಪ ಹಚ್ಚುವುದು ಟೈಮರ್ ಅಥವಾ ಬೆಳಕಿನ ಸೆನ್ಸರ್. ಮೋಡ ಕವಿದು ಕತ್ತಲಾದರೆ ಸೆನ್ಸರ್ ದೀಪ ಹಚ್ಚಿಬಿಡುತ್ತದೆ. ಮೇಲೆ ಮನುಷ್ಯನಿದ್ದಾನೆ ಎಂದು ಅದಕ್ಕೆ ತಿಳಿಯದು.

‘ಶಾಕ್ ಹೊಡೆದರೆ ಎಂಸಿಬಿ ಬೀಳುತ್ತದಲ್ಲ’ ಎನ್ನುವವರಿದ್ದಾರೆ. ಪಿಯುಸಿಯಲ್ಲಿ ಓದಿದ ಓಮ್ ನಿಯಮವನ್ನೇ ನೆನಪಿಸಿಕೊಳ್ಳಿ. ಬೆವರಿದ ದೇಹದ ರೋಧ ಸುಮಾರು 1,000 ಓಮ್ ಎಂದುಕೊಂಡರೆ 230 ವೋಲ್ಟ್‌ಗೆ ದೇಹದಲ್ಲಿ ಹರಿಯುವುದು 230 ಮಿಲಿಆಂಪಿಯರ್. ಹೃದಯದ ಬಡಿತ ಹದತಪ್ಪಲು ಇದರ ಅರ್ಧವೂ ಸಾಕಾದೀತು. ಆದರೆ 16 ಆಂಪಿಯರ್‌ನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವುದು ಕ್ರಮಬದ್ಧ ಕೆಲಸ. ಮೊದಲು ‘ಲೈನ್ ಕ್ಲಿಯರ್’, ಅಂದರೆ ಕೆಲಸಕ್ಕೆ ಲಿಖಿತ ಅನುಮತಿ. ನಂತರ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು, ‘ಕೆಲಸ ನಡೆಯುತ್ತಿದೆ’ ಎಂಬ ಫಲಕ ಹಾಕಬೇಕು. ಆಮೇಲೆ ಟೆಸ್ಟರ್‌ನಿಂದ ಪರೀಕ್ಷೆ. ಟೆಸ್ಟರ್ ಸರಿಯಿದೆಯೇ ಎಂದು ಕರೆಂಟ್ ಇರುವ ಕಡೆ ಮೊದಲೇ ನೋಡಿಕೊಂಡಿರಬೇಕು. ಕೊನೆಗೆ ಕೆಲಸದ ಜಾಗದ ಎರಡೂ ಬದಿ ಅರ್ಥಿಂಗ್. ಇದೇಕೆ? ಚೇಂಜ್‌ಓವರ್ ಸ್ವಿಚ್ ಇಲ್ಲದೆ ಯಾರೋ ಜನರೇಟರ್ ಹಚ್ಚಿದರೆ ಕರೆಂಟ್ ಹಿಮ್ಮುಖವಾಗಿ ಲೈನಿಗೆ ಬರುತ್ತದೆ. ಗ್ಲೌಸ್, ಹೆಲ್ಮೆಟ್, ಸೇಫ್ಟಿ ಬೆಲ್ಟ್, ಅರ್ಥಿಂಗ್ ಸಾಧನ ಕೊಡಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೇ ಹೇಳುತ್ತವೆ.

ಮೇಲೆ ಕರೆಂಟ್ ಆದರೆ ಕೆಳಗೆ ವಾಹನಗಳ ಭಯ. ಏಣಿಯ ಬುಡದಲ್ಲಿ ಒಂದು ಕಲ್ಲು, ಮರದ ಟೊಂಗೆ ಇಟ್ಟು ಕೆಲಸ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಸವಾರ ನೋಡಿ, ಅರಿತು, ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಹಿಡಿದರೆ ಬೈಕ್ ಅಷ್ಟರಲ್ಲೇ 40 ಮೀಟರ್ ದಾಟಿರುತ್ತದೆ. ಆದ್ದರಿಂದಲೇ ಎಚ್ಚರಿಕೆ ಫಲಕ ಬಹಳ ಮೊದಲೇ ಇರಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯೂ ಮುನ್ನೆಚ್ಚರಿಕೆ ಕೊಡುವ ಜಾಗ, ವಾಹನ ಪಕ್ಕಕ್ಕೆ ಸರಿಯುವ ಜಾಗ, ಕೆಲಸದ ಜಾಗ, ಮತ್ತೆ ದಾರಿಗೆ ಸೇರುವ ಜಾಗ ಎಂದು ರಸ್ತೆಯನ್ನು ವಿಂಗಡಿಸುತ್ತದೆ. ಜೊತೆಗೆ ಕೋನ್, ಹೊಳೆಯುವ ಜಾಕೆಟ್, ಬಾವುಟ ಹಿಡಿದ ಒಬ್ಬ ಸಹಾಯಕ ಇದ್ದರೆ ಎಷ್ಟೋ ಜೀವ ಉಳಿಯುತ್ತದೆ.

ನಿಯಮಗಳಿಗೆ ಕೊರತೆಯಿಲ್ಲ. ‘ಐದು ನಿಮಿಷದ ಕೆಲಸಕ್ಕೆ ಎಲ್‌ಸಿ ಯಾಕೆ’ ಎಂಬ ಒಂದು ಮಾತು ಅವನ್ನೆಲ್ಲ ಅಳಿಸಿಬಿಡುತ್ತದೆ. ಕರೆಂಟ್ ಹೋದ ಕ್ಷಣವೇ 1912ಕ್ಕೆ ಕರೆ ಮಾಡಿ ಕೂಗಾಡುವ ನಾವೂ ಆ ಅವಸರದಲ್ಲಿ ಪಾಲುದಾರರು. ಗುತ್ತಿಗೆಯ ಕೆಲಸಗಾರನಿಗೆ ‘ಗ್ಲೌಸ್ ಇಲ್ಲದೆ ಹತ್ತುವುದಿಲ್ಲ’ ಎನ್ನುವ ಧೈರ್ಯ ಸುಲಭವಾಗಿ ಬರುವುದಿಲ್ಲ. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆ ಅವನದು.

ಈ ಪುಟ ಓದುವವರಲ್ಲಿ ಪವರ್‌ಮ್ಯಾನ್ ಹುದ್ದೆಗೆ ಕಂಬ ಹತ್ತುವ ಅಭ್ಯಾಸ ಮಾಡುತ್ತಿರುವವರಿದ್ದಾರೆ. ಡಿಪ್ಲೊಮಾ, ಬಿಇ ಮುಗಿಸಿ ಜೆಇ, ಎಇ ಪರೀಕ್ಷೆಗೆ ಕೂರುವವರೂ ಇದ್ದಾರೆ. ಗೆಳೆಯರೇ, ಕಂಬದ ಮೇಲಿರುವವರು ನಿಮ್ಮಲ್ಲಿ ಒಬ್ಬರಾದರೆ, ಲೈನ್ ಕ್ಲಿಯರ್‌ಗೆ ಸಹಿ ಹಾಕುವವರು ಇನ್ನೊಬ್ಬರು. ಅರ್ಥಿಂಗ್ ಆಗುವವರೆಗೆ ಹತ್ತುವುದಿಲ್ಲ ಎಂದು ಕೆಳಗಿರುವವನು ಹೇಳಲಿ. ಹತ್ತಿಸುವುದಿಲ್ಲ ಎಂದು ಸಹಿ ಹಾಕುವವನೂ ಹೇಳಲಿ. ಬೀದಿ ಇನ್ನೊಂದು ಗಂಟೆ ಕತ್ತಲಲ್ಲಿದ್ದರೆ ಏನೂ ಆಗದು. ಒಂದು ಮನೆ ಕತ್ತಲಾಗಬಾರದು.