ಒರೆಸಿದರೂ ಹೋಗದ ಮಂಜು

ಜನವರಿ ತಿಂಗಳ ಒಂದು ಮುಂಜಾನೆ. ಮೈಸೂರಿನಿಂದ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ, ಮಗನ ಮನೆಗೆಂದು ಬಂದಿರುವ ತಾಯಿ ಕೈಯಲ್ಲೊಂದು ಒಣಬಟ್ಟೆ ಹಿಡಿದು ಕಿಟಕಿಯ ಮುಂದೆ ನಿಂತಿದ್ದಾರೆ. ಗಾಜಿನ ಮೇಲೆ ತೆಳ್ಳನೆಯ ಹಾಲಿನ ಕೆನೆಯಂತೆ ಮಬ್ಬು ಕವಿದಿದೆ. ಒರೆಸಿದರು, ಹೋಗಲಿಲ್ಲ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ ಒರೆಸಿದರು, ಆಗಲೂ ಹೋಗಲಿಲ್ಲ. ಕೊನೆಗೆ ಕಿಟಕಿ ತೆರೆದು, ಕೊರೆಯುವ ಚಳಿಗೆ ಕೈಯೊಡ್ಡಿ ಹೊರಬದಿಯನ್ನೂ ಉಜ್ಜಿದರು.

“ಇದೇನಪ್ಪ ಇದು, ಎರಡು ಕಡೆಯೂ ಒರೆಸಿದೆ. ಮಬ್ಬು ಮಾತ್ರ ಇದ್ದ ಹಾಗೆಯೇ ಇದೆಯಲ್ಲ!”

“ಅದು ಎರಡು ಗಾಜುಗಳ ನಡುವೆ ಇದೆ, ಅಮ್ಮ. ಒರೆಸಿದರೆ ಹೋಗುವುದಲ್ಲ. ಮನೆಯ ಕಿಟಕಿಗಳನ್ನೆಲ್ಲ ಕಿತ್ತು ಹೊಸದು ಹಾಕಿಸಬೇಕಂತೆ.”

ಚಳಿನಾಡಿನಲ್ಲಿ ಸಂಸಾರ ಹೂಡಿದ ಕನ್ನಡಿಗರ ಮನೆಗಳಲ್ಲಿ ಇಂಥ ಸಂಭಾಷಣೆ ನಡೆಯುವುದು ಸಹಜವೇ. ಮಗನ ಮಾತಿನಲ್ಲಿ ಮೊದಲ ಭಾಗ ಅವನದು. ಕೊನೆಯ ಭಾಗ ಕಿಟಕಿ ಮಾರುವವನದು. ಜೋಡಿಗಾಜಿನ ಕಿಟಕಿಗಳ ಮಾರಾಟಗಾರನೆಂದರೆ ಬ್ರಿಟನ್ನಿನಲ್ಲಿ ಬಹುಕಾಲದಿಂದ ಹಾಸ್ಯದ ವಸ್ತು; ಒಂದು ಕಿಟಕಿಯ ಬೆಲೆ ಕೇಳಿದವನಿಗೆ ಹತ್ತು ಕಿಟಕಿಗಳನ್ನು ಕಟ್ಟಿಹೋಗುವವನೆಂದು ಅಲ್ಲಿನವರು ಅವನನ್ನು ನೋಡಿ ನಗುತ್ತಾರೆ. ಆದರೆ ಕಿಟಕಿಯ ಕಾಯಿಲೆ ಯಾವುದೆಂದು ತಿಳಿಯದ ಗೃಹಸ್ಥನಿಗೆ ಆ ನಗು ದುಬಾರಿಯಾಗುತ್ತದೆ.

ಎರಡು ಗಾಜು, ನಡುವೆ ನಿಶ್ಚಲವಾದ ಗಾಳಿ

ಒಂಟಿ ಗಾಜು ಶಾಖವನ್ನು ತಡೆಯಲಾರದು. ಅಲುಗದೆ ನಿಂತ ಗಾಳಿಯಾದರೋ ಶಾಖಕ್ಕೆ ಸುಲಭವಾಗಿ ದಾರಿ ಬಿಡುವುದಿಲ್ಲ. ಕಂಬಳಿ ಬೆಚ್ಚಗಿರುವುದು ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದಲ್ಲವೆ? ಈ ತತ್ತ್ವವನ್ನು ಚಳಿನಾಡಿನವರು ಬಹಳ ಹಿಂದೆಯೇ ಅರಿತಿದ್ದರು. ರಷ್ಯದ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಕಿಟಕಿಗೆ ಎರಡನೆಯ ಚೌಕಟ್ಟನ್ನು ಜೋಡಿಸಿ, ನಡುವಿನ ತೇವವನ್ನು ಹೀರಲೆಂದು ಹತ್ತಿಯನ್ನು ಹಾಸುತ್ತಿದ್ದರು. ಎರಡು ಗಾಜುಗಳ ಅಂಚುಗಳನ್ನು ಬೆಸೆದು ಒಂದೇ ಹಲಗೆಯಂತೆ ಮಾಡುವ ವಿಧಾನಕ್ಕೆ ಅಮೆರಿಕದ ಥಾಮಸ್ ಸ್ಟೆಟ್ಸನ್ ಎಂಬಾತ 1865ರಲ್ಲಿ ಪೇಟೆಂಟ್ ಪಡೆದ. ಅದು ಮನೆಮನೆಗೂ ಬರಲು ಮಾತ್ರ ನೂರು ವರ್ಷ ಹಿಡಿಯಿತು. 1973ರಲ್ಲಿ ತೈಲದ ಬೆಲೆ ಏರಿ, ಮನೆ ಬೆಚ್ಚಗಿಡುವ ವೆಚ್ಚ ಕೈ ಕಚ್ಚತೊಡಗಿದ ಮೇಲೆಯೇ ಯೂರೋಪಿನ ಜನ ಈ ಕಿಟಕಿಯ ಕಡೆಗೆ ನಿಜವಾಗಿ ತಿರುಗಿದ್ದು.

ಇಂದಿನ ಜೋಡಿಗಾಜಿನಲ್ಲಿ ಸಾಮಾನ್ಯವಾಗಿ 4 ಮಿಲಿಮೀಟರ್ ದಪ್ಪದ ಎರಡು ಗಾಜುಗಳ ನಡುವೆ 16 ಮಿಲಿಮೀಟರಿನಷ್ಟು ಎಡೆ ಇರುತ್ತದೆ. ಎಡೆ ಇದಕ್ಕಿಂತ ಬಹಳ ಅಗಲವಾದರೆ ಒಳಗಿನ ಗಾಳಿ ಮೇಲಕ್ಕೂ ಕೆಳಕ್ಕೂ ಸುತ್ತತೊಡಗಿ, ಶಾಖವನ್ನು ತಾನೇ ಹೊತ್ತು ಸಾಗಿಸುತ್ತದೆ. ಒಳ್ಳೆಯ ಕಿಟಕಿಗಳಲ್ಲಿ ಗಾಳಿಯ ಬದಲು ಆರ್ಗಾನ್ ಅನಿಲವನ್ನು ತುಂಬಿ, ಒಂದು ಗಾಜಿನ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪವನ್ನು ಕೊಟ್ಟಿರುತ್ತಾರೆ. ಒಳಗೂ ಹೊರಗೂ 20 ಡಿಗ್ರಿಗಳ ಅಂತರವಿದ್ದಾಗ ಒಂದು ಚದರ ಮೀಟರ್ ಒಂಟಿ ಗಾಜಿನಿಂದ ಸುಮಾರು 110 ವ್ಯಾಟ್‌ಗಳಷ್ಟು ಶಾಖ ಸೋರಿಹೋದರೆ, ಇಂಥ ಜೋಡಿಗಾಜಿನಿಂದ ಸೋರುವುದು 25ರ ಆಸುಪಾಸು.

ಎರಡು ಗಾಜುಗಳನ್ನು ದೂರವಿಡಲು ಅಂಚಿನ ಸುತ್ತಲೂ ಒಂದು ಟೊಳ್ಳು ಪಟ್ಟಿ ಇರುತ್ತದೆ. ಅದರ ಹೊಟ್ಟೆಯಲ್ಲಿ ತೇವ ಹೀರುವ ಸಣ್ಣ ಸಣ್ಣ ಹರಳುಗಳು: ರಷ್ಯದ ಹತ್ತಿಯ ಮೊಮ್ಮಕ್ಕಳೆನ್ನೋಣ. ಪಟ್ಟಿಯ ಹೊರಗೆ ರಬ್ಬರಿನಂಥ ಅಂಟಿನ ಎರಡು ಸುತ್ತು ಬೆಸುಗೆ. ಇಷ್ಟೇ ಅದರ ರಚನೆ. ಈ ಬೆಸುಗೆ ಬಿಟ್ಟಾಗ ಏಳುವುದೇ ಒರೆಸಿದರೂ ಹೋಗದ ಮಂಜು.

ಮಂಜು ಯಾವ ಕಡೆಗೆ?

ಕಿಟಕಿಯಲ್ಲಿ ಮಂಜು ಕಂಡೊಡನೆ ಕೇಳಬೇಕಾದ ಪ್ರಶ್ನೆ ಇದೊಂದೇ. ಬೆರಳಿನಿಂದ ಒಂದು ಗೆರೆ ಎಳೆದು ನೋಡಿದರೆ ಉತ್ತರ ತಾನಾಗಿ ದೊರೆಯುತ್ತದೆ.

ಮಂಜು ಹೊರಮೈಯಲ್ಲಿದ್ದರೆ ಸಂತೋಷಪಡಬೇಕು. ಮೋಡವಿಲ್ಲದ ನಿಶ್ಶಬ್ದ ರಾತ್ರಿಯಲ್ಲಿ ಹೊರಗಾಜು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ ತಣ್ಣಗಾಗುತ್ತದೆ. ಮನೆಯ ಶಾಖ ಅದರವರೆಗೆ ತಲುಪದ್ದರಿಂದ ಅದರ ಮೇಲೆ ಇಬ್ಬನಿ ಕೂರುತ್ತದೆ. ಕಿಟಕಿ ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆಯೆಂಬುದಕ್ಕೆ ಇದೇ ಸಾಕ್ಷಿ. ಬಿಸಿಲೇರಿದ ಮೇಲೆ ಅದು ತಾನೇ ಆರಿಹೋಗುತ್ತದೆ. ಹೊಸ ಕಿಟಕಿ ಹಾಕಿಸಿದ ಎಷ್ಟೋ ಮಂದಿ ಇದನ್ನು ಕಂಡು ಗಾಬರಿಯಾಗಿ ಗಾಜಿನವನೊಡನೆ ಜಗಳಕ್ಕೆ ನಿಲ್ಲುವುದುಂಟು, ಪಾಪ.

ಮಂಜು ಒಳಮೈಯಲ್ಲಿದ್ದರೆ ತಪ್ಪು ಕಿಟಕಿಯದಲ್ಲ, ಮನೆಯದು. 20 ಡಿಗ್ರಿ ಬೆಚ್ಚಗಿರುವ ಒಂದು ಘನಮೀಟರ್ ಗಾಳಿ ಸುಮಾರು 17 ಗ್ರಾಂ ನೀರನ್ನು ಆವಿಯಾಗಿ ಹೊತ್ತಿರಬಲ್ಲುದು. 5 ಡಿಗ್ರಿಗೆ ಇಳಿದರೆ ಅದಕ್ಕೆ 7 ಗ್ರಾಂ ಹೊರುವುದೂ ಕಷ್ಟ. ಉಳಿದದ್ದು ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗವನ್ನು ಹುಡುಕಿ ನೀರಾಗಿ ಇಳಿಯುತ್ತದೆ. ಆ ಜಾಗ ಸಾಮಾನ್ಯವಾಗಿ ಗಾಜಿನ ಅಂಚು. ನಮ್ಮವರ ಅಡುಗೆಮನೆಯನ್ನು ಒಮ್ಮೆ ನೆನೆಯಬೇಕು. ಕುಕ್ಕರಿನ ಕೂಗು, ಕುದಿಯುವ ಸಾರು, ಇಡ್ಲಿಯ ಹಬೆ. ಇದರ ಮೇಲೆ ಒಗೆದ ಸೀರೆ, ಟವೆಲುಗಳು ಬಿಸಿನೀರಿನ ರೇಡಿಯೇಟರುಗಳ ಮೇಲೆ. ಊರಿನಲ್ಲಾದರೆ ಈ ಹಬೆಯೆಲ್ಲ ಹೆಂಚಿನ ಸಂದಿನಿಂದಲೋ ತೆರೆದ ಬಾಗಿಲಿನಿಂದಲೋ ಹೊರಟುಹೋಗುತ್ತಿತ್ತು. ಭದ್ರವಾಗಿ ಮುಚ್ಚಿದ ಆ ಮನೆಯಲ್ಲಿ ಅದು ಹೋಗುವುದೆಲ್ಲಿಗೆ? ಕಿಟಕಿಯ ನೆತ್ತಿಯಲ್ಲಿ ಗಾಳಿಯಾಡಲೆಂದೇ ಇಟ್ಟಿರುವ ಕಿರುಗಂಡಿಯನ್ನು ಚಳಿಯೆಂದು ನಾವೇ ಮುಚ್ಚಿಬಿಟ್ಟಿರುತ್ತೇವೆ.

ಈ ಒಳಗಿನ ಮಂಜನ್ನು ಜನ ಒರೆಸಿ ಮರೆಯುತ್ತಾರೆ. ನಡುವಿನ ಮಂಜಿಗೆ ಮಾತ್ರ ಹೆದರುತ್ತಾರೆ. ನಿಜವಾಗಿ ಇರಬೇಕಾದದ್ದು ಇದರ ತಿರುಗುಮುರುಗು. ನಡುವಿನ ಮಂಜು ನೋಟವನ್ನು ಕೆಡಿಸುತ್ತದೆ, ಶಾಖವನ್ನು ಕೊಂಚ ಸೋರಿಸುತ್ತದೆ, ಅಷ್ಟೆ. ಒಳಗಿನ ತೇವ ಗೋಡೆಗೆ ಹತ್ತಿ ಕಪ್ಪು ಬೂಷ್ಟಾಗುತ್ತದೆ. ಆ ಬೂಷ್ಟಿನ ಕಣಗಳನ್ನು ಮಲಗಿದ ಮಕ್ಕಳು ರಾತ್ರಿಯೆಲ್ಲ ಉಸಿರಾಡುತ್ತಾರೆ. 2020ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ, ಬಾಡಿಗೆಯ ಮನೆಯೊಂದರಲ್ಲಿ ಬೆಳೆಯುತ್ತಿದ್ದ ಎರಡು ವರ್ಷದ ಮಗುವೊಂದು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಮನೆಯ ಬೂಷ್ಟೇ ಅದಕ್ಕೆ ಕಾರಣವೆಂದೂ ಅಲ್ಲಿ ಗಾಳಿಯಾಡಲು ಸಾಕಷ್ಟು ಏರ್ಪಾಡಿರಲಿಲ್ಲವೆಂದೂ 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು. ಮರುವರ್ಷವೇ ಪಾರ್ಲಿಮೆಂಟು, ಸಾರ್ವಜನಿಕ ವಸತಿಗಳಲ್ಲಿ ಇಂಥ ತೇವವನ್ನು ಗೊತ್ತಾದ ಅವಧಿಯೊಳಗೆ ಸರಿಪಡಿಸಲೇಬೇಕೆಂದು ಕಾನೂನು ಮಾಡಿತು; ಆ ಕಾನೂನನ್ನು ಜನ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ.

ಪರಿಹಾರಕ್ಕೆ ದೊಡ್ಡ ಖರ್ಚೇನೂ ಬೇಡ. ಪಾತ್ರೆಗೆ ಮುಚ್ಚಳ, ಅಡುಗೆಯಾಗುವಾಗ ಮತ್ತು ಆದ ಮೇಲೂ ಸ್ವಲ್ಪ ಹೊತ್ತು ಎಕ್ಸಾಸ್ಟ್ ಫ್ಯಾನು, ಒದ್ದೆಬಟ್ಟೆಯನ್ನು ಒಂದೇ ಕೋಣೆಯಲ್ಲಿ ಹಾಕಿ, ಅದರ ಬಾಗಿಲು ಮುಚ್ಚಿ, ಕಿಟಕಿಯನ್ನು ಒಂದಂಗುಲ ತೆರೆದಿಡುವುದು. ನೆತ್ತಿಯ ಕಿರುಗಂಡಿಯನ್ನು ಎಂದೂ ಮುಚ್ಚಬಾರದು. ಈ ತೇವದಲ್ಲಿ ಕಿಟಕಿಯನ್ನೇ ಬದಲಾಯಿಸಿದರೆ ಹೊಸ ಕಿಟಕಿಯ ಪಕ್ಕದ ಗೋಡೆ ಕಪ್ಪಾಗುತ್ತದೆ, ಅಷ್ಟೇ ವ್ಯತ್ಯಾಸ.

ಬೆಸುಗೆ ಬಿಡುವುದೇಕೆ?

ಇನ್ನು ನಡುವಿನ ಮಂಜು. ಬಿಸಿಲಿಗೆ ಎಡೆಯ ಗಾಳಿ ಹಿಗ್ಗಿ ಗಾಜುಗಳು ಹೊರಕ್ಕೆ ಉಬ್ಬುತ್ತವೆ. ರಾತ್ರಿಯ ಚಳಿಗೆ ಕುಗ್ಗಿ ಒಳಕ್ಕೆ ಬಾಗುತ್ತವೆ. ಹಗಲೊಂದು ಉಸಿರು, ಇರುಳೊಂದು ಉಸಿರು. ಹತ್ತಿಪ್ಪತ್ತು ವರ್ಷ ಹೀಗೆ ಉಸಿರಾಡಿದ ಮೇಲೆ ಅಂಚಿನ ಅಂಟು ಎಲ್ಲೋ ಒಂದೆಡೆ ಬಿರಿಯುತ್ತದೆ. ಆಗಲೂ ಮಂಜು ಕೂಡಲೇ ಕಾಣುವುದಿಲ್ಲ; ಒಳಬಂದ ತೇವವನ್ನು ಪಟ್ಟಿಯ ಹರಳುಗಳು ಹೀರುತ್ತಲೇ ಇರುತ್ತವೆ. ಅವುಗಳ ಹೊಟ್ಟೆ ತುಂಬಿದ ದಿನ ಗಾಜು ಮಬ್ಬಾಗುತ್ತದೆ.

ಆದರೆ ಬೆಸುಗೆ ಅಕಾಲದಲ್ಲಿ ಕೆಡಲು ಇನ್ನೊಂದು ಕಾರಣವುಂಟು, ಮತ್ತು ಅದು ಗೃಹಸ್ಥನ ಕೈಯಲ್ಲಿದೆ. ಪಿ.ವಿ.ಸಿ. ಚೌಕಟ್ಟಿನ ಕೆಳಪಟ್ಟಿಯಲ್ಲಿ ಮಳೆನೀರು ಬಸಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಅವು ಧೂಳು, ಪಾಚಿ, ಸತ್ತ ಹುಳುಗಳಿಂದ ಕಟ್ಟಿಕೊಂಡರೆ ನೀರು ಅಲ್ಲಿಯೇ ನಿಂತು, ಗಾಜಿನ ಬುಡ ನೀರಿನಲ್ಲಿ ನೆನೆಯುತ್ತದೆ. ನಿಂತ ನೀರಿನಷ್ಟು ಆ ಅಂಟಿಗೆ ವೈರಿ ಬೇರಿಲ್ಲ. ವರ್ಷಕ್ಕೆರಡು ಬಾರಿ ಒಂದು ಕಡ್ಡಿಯಿಂದ ರಂಧ್ರಗಳನ್ನು ಬಿಡಿಸಿ, ಒಂದು ಲೋಟ ನೀರು ಸುರಿದು, ಅದು ಹೊರಗೆ ಹರಿಯುವುದನ್ನು ಕಣ್ಣಾರೆ ನೋಡಿದರೆ ಸಾಕು.

ಒಮ್ಮೆ ಬಿರಿದ ಬೆಸುಗೆಯನ್ನು ಮತ್ತೆ ಕೂಡಿಸಲು ಬಾರದು. ಗಾಜಿಗೆ ಸಣ್ಣ ತೂತು ಕೊರೆದು, ಒಳಗೆ ಒಣಗಿಸಿ, ಬಿರಡೆ ಹಾಕಿಕೊಡುವವರಿದ್ದಾರೆ. ನೋಟ ತಿಳಿಯಾಗಬಹುದು, ಆರ್ಗಾನ್ ಮರಳುವುದಿಲ್ಲ, ಕಲೆಬಿದ್ದ ಲೇಪವೂ ಮರಳುವುದಿಲ್ಲ. ಹಣಕ್ಕೆ ತಕ್ಕ ಕೆಲಸ ಅದಲ್ಲ.

ಹಾಗೆಂದು ಇಡೀ ಕಿಟಕಿಯನ್ನೇಕೆ ಕೀಳಬೇಕು? ಚೌಕಟ್ಟು ನೆಟ್ಟಗಿದ್ದರೆ ಬದಲಾಗಬೇಕಾದದ್ದು ಗಾಜಿನ ಜೋಡಿ ಮಾತ್ರ. ಗಾಜನ್ನು ಹಿಡಿದಿರುವ ಬೀಡಿಂಗ್ ಪಟ್ಟಿಗಳನ್ನು, ಉದ್ದದ್ದರಿಂದ ಮೊದಲುಮಾಡಿ, ಪಟ್ಟಿಯ ನಡುಮಧ್ಯದಲ್ಲಿ ಪುಟ್ಟಿ ಹಚ್ಚುವ ಗಟ್ಟಿ ಅಲಗನ್ನು ತೂರಿಸಿ ಬಿಡಿಸಬೇಕು. ಚೌಕಟ್ಟಿನ ಒಳಅಳತೆಗಿಂತ ಸುತ್ತಲೂ ಕೆಲವು ಮಿಲಿಮೀಟರ್ ಕಡಿಮೆಯಾಗಿ, ಹಳೆಯದರಷ್ಟೇ ದಪ್ಪವಾಗಿ ಹೊಸದನ್ನು ಮಾಡಿಸಬೇಕು. ಅಳತೆಯನ್ನು ಎರಡು ಬಾರಿ ತೆಗೆಯುವುದು ಲೇಸು. ಬಿಸಿಯಿಂದ ಗಟ್ಟಿಮಾಡಿದ ರಕ್ಷಣೆಯ ಗಾಜನ್ನು ಆಮೇಲೆ ಕತ್ತರಿಸಲಾಗದು. ನೆಲದಿಂದ 800 ಮಿಲಿಮೀಟರಿಗಿಂತ ಕೆಳಗಿನ ಕಿಟಕಿಗಾಜಿಗೆ ಬ್ರಿಟನ್ನಿನ ನಿಯಮ ರಕ್ಷಣೆಯ ಗಾಜನ್ನು ಕೇಳುತ್ತದೆ. ಮೂಲೆಯಲ್ಲಿ ಅದರ ಮುದ್ರೆಯನ್ನು ನೋಡಿಕೊಳ್ಳಬೇಕು. ಹೊಸ ಗಾಜು ಬಂದಾಗ ಕತ್ತಲಲ್ಲಿ ಅದರ ಮುಂದೆ ಬೆಂಕಿಕಡ್ಡಿ ಗೀರಿದರೆ ಜ್ವಾಲೆಯ ನಾಲ್ಕು ಪ್ರತಿಬಿಂಬಗಳು ಕಾಣುತ್ತವೆ. ಅವುಗಳಲ್ಲೊಂದರ ಬಣ್ಣ ಬೇರೆಯಾಗಿದ್ದರೆ ಲೋಹದ ಲೇಪವಿದೆಯೆಂದರ್ಥ. ನಾಲ್ಕೂ ಒಂದೇ ಬಣ್ಣವಾದರೆ ಲೇಪಕ್ಕೆಂದು ಕೊಟ್ಟ ಹಣದ ಲೆಕ್ಕ ಕೇಳಬಹುದು.

ಒಂದು ಚದರ ಮೀಟರ್ ಜೋಡಿಗಾಜು 20 ಕಿಲೋ ತೂಗುತ್ತದೆ. ಆದಕಾರಣ ಇದು ಇಬ್ಬರ ಕೆಲಸ. ಮಹಡಿಯ ಕಿಟಕಿಯಾದರೆ ಕಸುಬಿನವನ ಕೆಲಸ. ಗಾಜಿನ ಕೆಳಗೆ ಮೊದಲಿದ್ದ ಪ್ಲಾಸ್ಟಿಕ್ ಬಿಲ್ಲೆಗಳನ್ನು ಅವಿದ್ದಲ್ಲಿಯೇ ಇಡುವುದನ್ನು ಮರೆತರೆ ಭಾರವೆಲ್ಲ ಒಂದು ಮೂಲೆಗೆ ಬಿದ್ದು ರೆಕ್ಕೆ ಜೋತುಬೀಳುತ್ತದೆ.

ಉಳಿದ ದೋಷಗಳು ಚಿಕ್ಕವು. ಗಾಳಿ ನುಗ್ಗುತ್ತಿದ್ದರೆ ಮೂಲೆಗಳಲ್ಲಿ ಕುಗ್ಗಿದ ರಬ್ಬರು ಪಟ್ಟಿಯನ್ನು ಬದಲಾಯಿಸಬೇಕು; ಹೊಸದನ್ನು ಎಳೆದು ಕೂರಿಸದೆ ತುಸು ಉದ್ದವಾಗಿಯೇ ಕತ್ತರಿಸಬೇಕು. ರೆಕ್ಕೆ ನಿಲ್ಲದೆ ಬಡಿದಾಡಿದರೆ ಕೀಲಿನ ತಿರುಪನ್ನು ಬಿಗಿಮಾಡಿದರಾಯಿತು. ಹಿಡಿ ತಿರುಗಿದರೂ ಚಿಲಕ ಸರಿಯದಿದ್ದರೆ ಅಂಚಿನೊಳಗಿನ ಯಂತ್ರ ಸವೆದಿದೆ. ಇದೊಂದನ್ನು ನಾಳೆಗೆಂದು ಬಿಡಬಾರದು. ಬೆಂಕಿ ಬಿದ್ದ ರಾತ್ರಿ ಮಲಗುವ ಕೋಣೆಯಿಂದ ಹೊರಬೀಳಲು ಕಿಟಕಿಯೊಂದೇ ದಾರಿಯಾಗಬಹುದು. ಅದರ ಬೀಗದ ಕೈ ಎಲ್ಲಿದೆಯೆಂದು ಮನೆಯ ದೊಡ್ಡವರೆಲ್ಲರಿಗೂ, ಊರಿನಿಂದ ಬಂದ ಅಜ್ಜಿಗೂ, ತಿಳಿದಿರಬೇಕು.

ಲೀಡ್ಸ್‌ನ ಆ ಮನೆಯಲ್ಲಿ ಕೊನೆಗೆ ಬದಲಾದದ್ದು ಒಂದೇ ಕಿಟಕಿಯ ಗಾಜು. ಒದ್ದೆ ಸೀರೆಗಳು ಬಚ್ಚಲುಕೋಣೆಗೆ ಹೋದವು. ಏಪ್ರಿಲ್‌ನ ಒಂದು ಬೆಳಗ್ಗೆ ತಾಯಿ ಮತ್ತೆ ಬಟ್ಟೆ ಹಿಡಿದು ಕಿಟಕಿಯ ಮುಂದೆ ನಿಂತರು. ಗಾಜಿನ ಮೇಲೆ ಮಂಜಿತ್ತು. ಒಳಗಿನಿಂದ ಬೆರಳೆಳೆದು ನೋಡಿದರು, ಗೆರೆ ಮೂಡಲಿಲ್ಲ. ಕಿಟಕಿ ತೆರೆದು ಹೊರಗಿನಿಂದ ಎಳೆದರು, ಮೂಡಿತು. ಬಟ್ಟೆಯನ್ನು ಹಾಗೆಯೇ ಮಡಿಸಿಟ್ಟು ಕಾಫಿಗೆ ನೀರಿಡಲು ಹೋದರು.